ಕೈಯ ದೋಷವೋ, ಕಾರಿನ ದೋಷವೋ?

“ಲೇಡೀಸ್ ಕೈ ಅಲ್ವಾ ಸಾರ್, ಸ್ಟೀರಿಂಗ್ ಬಿಗಿ ಅನ್ನಿಸುತ್ತೆ. ರ‍್ಯಾಕೂ ಹೋಗಿದೆ. ಪೂರ್ತಿ ಬದಲಾಯಿಸಬೇಕು. ಮೂವತ್ತೆಂಟು ಸಾವಿರ ಆಗುತ್ತೆ.”

ಗ್ಯಾರೇಜಿನ ಆ ಮನುಷ್ಯ ಹೀಗೆ ಹೇಳಿದ್ದು ನನಗಲ್ಲ. ಕಾರು ಓಡಿಸಿಕೊಂಡು ಹೋದವಳು ನಾನು, ಬೀಗದ ಕೈ ಇದ್ದದ್ದು ನನ್ನ ಕೈಯಲ್ಲಿ, ತೊಂದರೆ ಏನೆಂದು ವಿವರಿಸಿದವಳೂ ನಾನೇ. ಆದರೆ ಉತ್ತರ ಮಾತ್ರ ನನ್ನ ಪಕ್ಕದಲ್ಲಿ ನಿಂತಿದ್ದ ನಮ್ಮವರಿಗೆ ಹೋಯಿತು. ನಮ್ಮವರೋ, ಸ್ಕೂಟರು ಬಿಟ್ಟು ಜೀವಮಾನದಲ್ಲಿ ಬೇರೇನನ್ನೂ ಓಡಿಸಿದವರಲ್ಲ. ರ‍್ಯಾಕ್ ಎಂದರೆ ಅವರಿಗೆ ಗೊತ್ತಿರುವುದು ಪುಸ್ತಕ ಇಡುವ ರ‍್ಯಾಕ್ ಒಂದೇ. ಆದರೂ ಗಂಭೀರವಾಗಿ “ಹೂಂ, ಹೂಂ” ಎಂದು ತಲೆಯಾಡಿಸಿದರು. ಆತನಿಗೆ ಸಮಾಧಾನವಾಯಿತು. ಇಬ್ಬರು ಗಂಡಸರ ನಡುವೆ ಕಾರಿನ ವಿಷಯ ತೀರ್ಮಾನವಾದಂತಾಯಿತು.

ಮನೆಗೆ ಬಂದ ಮೇಲೆ ಆ ಮಾತನ್ನು ಮತ್ತೆ ಮತ್ತೆ ಮೆಲುಕು ಹಾಕಿದೆ. ಮೊದಲು ಅವಮಾನವೆನಿಸಿತು, ಆಮೇಲೆ ನಗು ಬಂತು. ದೋಷ ನನ್ನ ಕೈಯದ್ದಾದರೆ ರ‍್ಯಾಕನ್ನೇಕೆ ಬದಲಾಯಿಸಬೇಕು? ರ‍್ಯಾಕು ಹೋಗಿದ್ದರೆ ನನ್ನ ಕೈಯನ್ನೇಕೆ ದೂರಬೇಕು? ಎರಡರಲ್ಲಿ ಒಂದು ನಿಜವಾದರೆ ಇನ್ನೊಂದು ಬೇಡ. ಆತ ಸೀಟಿನಲ್ಲಿ ಕೂತು ಚಕ್ರವನ್ನು ಎರಡು ಸಲ ಆಚೀಚೆ ತಿರುಗಿಸಿದ್ದನೇ ಹೊರತು ಬಾನೆಟ್ ಎತ್ತಿರಲಿಲ್ಲ. ನೋಡದೆ ಹೇಳುವವರಿಗೆ ಕಾರಣಗಳು ಎಷ್ಟಾದರೂ ಸಿಗುತ್ತವೆ.

ಮೊದಲು ಕಾರಿನ ಸಂಗತಿ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳು 2022ರಲ್ಲಿ ತನ್ನ ಸ್ವಂತ ದುಡ್ಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರು ಅದು. ಹನ್ನೆರಡು ವರ್ಷ ಹಳೆಯದು. ಸ್ಪೋರ್ಟ್ಸ್ ಕಾರು ಎಂದೇ ಮಾರಿದವನು ಹೇಳಿದ್ದು. ತಗ್ಗಿನ ಸೀಟು, ಕೆಂಪು ಬಣ್ಣ, ಹಿಂದೆ ಒಂದು ರೆಕ್ಕೆ, ಕಂಪನಿ ಕೊಟ್ಟದ್ದಕ್ಕಿಂತ ಅಗಲದ ಟೈರು, ಅಂಗೈ ತುಂಬುವಷ್ಟು ದಪ್ಪನೆಯ ಪುಟ್ಟ ಸ್ಟೀರಿಂಗ್ ಚಕ್ರ. ಚಿಕ್ಕಮಗಳೂರಿನ ನಮ್ಮ ಬೀದಿಯಲ್ಲಿ ಅದು ನಿಂತಾಗ ಎದುರು ಮನೆಯ ಹುಡುಗರು ಅದರ ಮುಂದೆ ಫೋಟೋ ತೆಗೆಸಿಕೊಂಡದ್ದೂ ಆಯಿತು.

ಡಿಸೆಂಬರಿನಲ್ಲಿ ಅಮ್ಮ ಮಗಳು ಇಬ್ಬರೇ ಧರ್ಮಸ್ಥಳಕ್ಕೆ ಹೋಗಿ ಬಂದೆವು. ವಾಪಸು ಬರುವಾಗ ಚಾರ್ಮಾಡಿ ಘಾಟಿ ಏರುತ್ತಿದ್ದವಳು ನಾನು. ಕೊಟ್ಟಿಗೆಹಾರಕ್ಕೆ ಮುಂಚಿನ ಒಂದು ಹಿಮ್ಮುರಿ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ವೇಗ ತಗ್ಗಿಸಿ ಚಕ್ರ ಹೊರಳಿಸಿದೆ. ಹೊರಳಲಿಲ್ಲ. ಬೀಗ ಹಾಕಿದ ಬಾಗಿಲಿನ ಹಾಗೆ ನಿಂತುಬಿಟ್ಟಿತು. ಒಳಗಿನಿಂದ ಕುಂಯ್ ಎಂದು ನರಳಿದ ಸದ್ದು. ಎರಡೂ ಕೈಯಿಂದ ಜಗ್ಗಿ ಎಳೆದು, ಬ್ರೇಕು ಒತ್ತಿ ನಿಲ್ಲಿಸಿದೆ. ಬಸ್ಸಿನ ಚಾಲಕ ಪುಣ್ಯಾತ್ಮ, ಅವನೂ ನಿಲ್ಲಿಸಿದ. ಆ ಗಳಿಗೆಯಲ್ಲಿ ನನಗನ್ನಿಸಿದ್ದೇನು ಗೊತ್ತೆ? “ನನ್ನಿಂದಲೇ ತಪ್ಪಾಯಿತು, ನನಗೆ ಸರಿಯಾಗಿ ಬರುವುದಿಲ್ಲ” ಎಂದು. ಯಂತ್ರ ಕೈಕೊಟ್ಟಾಗಲೂ ನಮ್ಮ ಮೇಲೇ ನಾವು ದೂರು ಹೊತ್ತುಕೊಳ್ಳುತ್ತೇವೆ. ಗ್ಯಾರೇಜಿನವನಿಗಿಂತ ಮುಂಚೆ ಆ ತೀರ್ಪು ಕೊಟ್ಟವಳು ನಾನೇ.

ನನ್ನ ಜಗಳ ಇರುವುದು ಈ ತೀರ್ಪಿನ ಜೊತೆಗೆ.

ಪವರ್ ಸ್ಟೀರಿಂಗ್ ಎಂಬುದು ಹೆಂಗಸರ ಮೆತ್ತನೆಯ ಕೈಗೆಂದು ಮಾಡಿದ ಸೌಕರ್ಯ ಎಂಬ ಭಾವನೆ ನಮ್ಮಲ್ಲಿ ಬಹಳ ಜನಕ್ಕಿದೆ. “ಲೇಡೀಸಿಗೆ ಒಳ್ಳೆಯ ಕಾರು, ಸ್ಟೀರಿಂಗ್ ಹೂವಿನ ಹಾಗಿದೆ” ಎಂದು ಮಾರುವವರು ಹೇಳುತ್ತಾರೆ. ಚರಿತ್ರೆ ಹೇಳುವುದೇ ಬೇರೆ. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರು ಪಿಯರ್ಸ್-ಆರೋ ಎಂಬ ಕಂಪನಿಯ ಟ್ರಕ್ಕುಗಳ ವಿಭಾಗದಲ್ಲಿದ್ದವನು. ಭಾರದ ಟ್ರಕ್ಕುಗಳನ್ನು ತಿರುಗಿಸಲು ಗಟ್ಟಿಮುಟ್ಟಾದ ಗಂಡಸರೇ ಹೆಣಗುವುದನ್ನು ಕಂಡು ಈ ಕೆಲಸಕ್ಕೆ ಕೈಹಾಕಿದ. 1920ರ ದಶಕದಲ್ಲಿ ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ಉಪಾಯ ಮಾಡಿ, ಒಂದು ರೋಡ್‌ಸ್ಟರ್ ಕಾರಿಗೆ ಜೋಡಿಸಿ ಓಡಿಸಿ ತೋರಿಸಿದ. ದೊಡ್ಡ ಕಂಪನಿಗಳು ಖರ್ಚು ಹೆಚ್ಚೆಂದು ಹಿಂಜರಿದವು. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಭಾರಿ ವಾಹನಗಳಿಗೆ ಅದು ಬೇಕಾಯಿತು. ಸಾಮಾನ್ಯರು ಕೊಳ್ಳುವ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಎಂಬ ಕಾರಿನಲ್ಲಿ. ಅಂದರೆ ಟ್ರಕ್ಕಿನವರ, ಸೈನಿಕರ ತೋಳುಗಳೇ ಸೋತಾಗ ಹುಟ್ಟಿದ ವಿದ್ಯೆ ಇದು. ಅದು ಕೆಟ್ಟು ನಿಂತಾಗ ಮಾತ್ರ “ಲೇಡೀಸ್ ಕೈ” ಎನ್ನುವುದು ಯಾವ ನ್ಯಾಯ?

ಮೂವತ್ತೆಂಟು ಸಾವಿರ ಕೊಡುವ ಮೊದಲು ಇನ್ನೊಬ್ಬರನ್ನು ಕೇಳೋಣ ಎಂದು ನಾನು ಹಟ ಹಿಡಿದೆ. ಸಹೋದ್ಯೋಗಿಯೊಬ್ಬರು ಊರ ಹೊರಗಿನ ಒಂದು ಶೆಡ್ಡು ತೋರಿಸಿದರು. ಕಾಫಿ ತೋಟಗಳ ಜೀಪು, ಟ್ರ್ಯಾಕ್ಟರು, ಲಾರಿಗಳನ್ನು ರಿಪೇರಿ ಮಾಡುವ ಜಾಗ. ಅಲ್ಲಿನ ಹಿರಿಯ ಮೆಕ್ಯಾನಿಕ್ ಕಾರಿನ ರೆಕ್ಕೆ ನೋಡಿ ಮೊದಲು ನಕ್ಕರು. ಆಮೇಲೆ ಕೈ ಒರೆಸಿಕೊಂಡು ನನ್ನನ್ನೇ ಕೇಳಿದರು: “ಹೇಳಿ ಟೀಚರಮ್ಮ, ಯಾವಾಗ ಬಿಗಿಯಾಗುತ್ತೆ? ನಿಂತಾಗಲೋ, ಓಡುವಾಗಲೋ? ಬೆಳಿಗ್ಗೆ ಮಾತ್ರವೋ, ಇಡೀ ದಿನವೋ? ಎರಡೂ ಕಡೆಗೋ, ಒಂದೇ ಕಡೆಗೋ? ಆಕ್ಸಿಲರೇಟರ್ ಒತ್ತಿದರೆ ಹಗುರಾಗುತ್ತೋ? ಸದ್ದು ಬರುತ್ತಾ? ಕುಂಯ್ ಅನ್ನುತ್ತೋ, ಕಿರ್ರ್ ಅನ್ನುತ್ತೋ?”

ನಾನು ತಬ್ಬಿಬ್ಬಾದೆ. ಒಂದೇ ಒಂದು “ಬಿಗಿ” ಎಂಬ ಶಬ್ದ ಹಿಡಿದುಕೊಂಡು ಹೋಗಿದ್ದವಳು ನಾನು. ಆ ಬಿಗಿಯೊಳಗೆ ಇಷ್ಟು ಬಗೆಗಳಿವೆಯೇ? ಮೂವತ್ತು ವರ್ಷದಿಂದ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳಿಗೆ ಥಟ್ಟನೆ ಹೊಳೆಯಿತು. ಲೆಕ್ಕ ತಪ್ಪಿದ ಹುಡುಗನಿಗೆ “ದಡ್ಡ” ಎಂದು ಬರೆದು ಮುಗಿಸುವ ಮೇಷ್ಟರೂ ಇದ್ದಾರೆ, ಯಾವ ಹಂತದಲ್ಲಿ ತಪ್ಪಿದ ಎಂದು ಬೆರಳಿಟ್ಟು ನೋಡುವವರೂ ಇದ್ದಾರೆ. ಮೊದಲ ಗ್ಯಾರೇಜಿನವನು ದಡ್ಡ ಎಂದು ಬರೆದವನು. ಇವರು ಹಂತ ಹುಡುಕುವವರು.

ಅವರು ಬಾನೆಟ್ ಎತ್ತಿಸಿ ತೋರಿಸಿದ್ದನ್ನು ನನಗೆ ಅರ್ಥವಾದ ಮಾತಿನಲ್ಲಿ ಹೇಳುತ್ತೇನೆ. ಎಂಜಿನ್ನಿನ ಪಕ್ಕ ಎಣ್ಣೆ ತುಂಬಿದ ಚಿಕ್ಕ ಡಬ್ಬಿ ಇದೆ. ಅಲ್ಲಿಂದ ಒಂದು ರಬ್ಬರು ಪೈಪು ಪಂಪಿಗೆ ಹೋಗುತ್ತದೆ. ಪಂಪನ್ನು ಎಂಜಿನ್ನು ಒಂದು ಬೆಲ್ಟಿನಿಂದ ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಒತ್ತಡದಲ್ಲಿ ಕೆಳಗಿನ ರ‍್ಯಾಕಿಗೆ ತಳ್ಳುತ್ತದೆ. ನಾವು ಚಕ್ರವನ್ನು ಯಾವ ಕಡೆ ಹೊರಳಿಸುತ್ತೇವೋ ಆ ಕಡೆಗೆ ಎಣ್ಣೆ ನುಗ್ಗಿ ಟೈರುಗಳನ್ನು ತಿರುಗಿಸಲು ಹೆಗಲು ಕೊಡುತ್ತದೆ. ಮತ್ತೆ ಡಬ್ಬಿಗೆ ಮರಳುತ್ತದೆ. ದ್ರವದ ಒತ್ತಡದ ಬಗ್ಗೆ ಪ್ಯಾಸ್ಕಲನ ನಿಯಮವನ್ನು ನಮ್ಮ ಶಾಲೆಯ ಹುಡುಗಿಯರು ಬಾಯಿಪಾಠ ಮಾಡಿ ಪೂರ್ತಿ ಅಂಕ ತೆಗೆಯುತ್ತಾರೆ. ಅದು ಅಪ್ಪನ ಕಾರಿನ ಬಾನೆಟ್ಟಿನ ಕೆಳಗೆ ದಿನಾ ಕೆಲಸ ಮಾಡುತ್ತಿದೆ ಎಂದು ಯಾರೂ ಅವರಿಗೆ ತೋರಿಸಿಲ್ಲ. ನಾನೂ ತೋರಿಸಿಲ್ಲ.

ಈಗ ಬಿಗಿಯ ಬಗೆಗಳು. ಡಬ್ಬಿಯಲ್ಲಿ ಎಣ್ಣೆ ಗುರುತಿಗಿಂತ ಕೆಳಗಿದ್ದರೆ ಎಲ್ಲೋ ಸೋರಿದೆ ಎಂದರ್ಥ, ತುಂಬಿಸಿ ಸುಮ್ಮನಾಗುವಂತಿಲ್ಲ. ಚಕ್ರ ಪೂರ್ತಿ ಹೊರಳಿಸಿದಾಗ ಕಿರ್ರ್ ಎಂದು ಕಿರುಚಿದರೆ ಬೆಲ್ಟು ಸಡಿಲ ಅಥವಾ ಸವೆದಿದೆ. ನಿಂತಾಗ ಬಿಗಿ, ಎಂಜಿನ್ ವೇಗ ಹೆಚ್ಚಿಸಿದರೆ ಹಗುರ ಎಂದಾದರೆ ಬೆಲ್ಟು ಅಥವಾ ಪಂಪಿನ ಕಡೆ ನೋಡಬೇಕು. ಬೆಳಿಗ್ಗೆ ಬಿಗಿಯಿದ್ದು ಓಡಿದಂತೆ ಸರಿಹೋದರೆ, ಇಲ್ಲವೆ ಒಂದೇ ಕಡೆಗೆ ಬಿಗಿಯಾದರೆ, ರ‍್ಯಾಕಿನೊಳಗಿನ ಸೀಲುಗಳ ಮೇಲೆ ಅನುಮಾನ. ಮುಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತಿ, ಎಂಜಿನ್ ಆರಿಸಿ ತಿರುಗಿಸಿದಾಗಲೂ ಒಂದೊಂದು ಕಡೆ ಹಿಡಿದುಕೊಂಡರೆ, ಅದು ಎಣ್ಣೆಯ ತಂಟೆಯೇ ಅಲ್ಲ, ಕೀಲು ತುಕ್ಕು ಹಿಡಿದಿದೆ. ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಮರಳದಿದ್ದರೂ ಕೀಲಿನ ಮೇಲೇ ಗುಮಾನಿ. ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಟೈರಿನ ಗಾಳಿ. ಗಾಳಿ ಕಡಿಮೆಯಾದರೂ ಸ್ಟೀರಿಂಗ್ ಭಾರವೇ. ಆ ಪರೀಕ್ಷೆಗೆ ಪೆಟ್ರೋಲ್ ಬಂಕಿನಲ್ಲಿ ಐದು ನಿಮಿಷ ಸಾಕು.

ನಮ್ಮ ಕಾರಿನಲ್ಲಿ ಡಬ್ಬಿಯ ಮುಚ್ಚಳ ತೆಗೆದರೆ ಎಣ್ಣೆಯ ಮೇಲೆ ಕಾಯಿಸಿದ ಹಾಲಿನ ಹಾಗೆ ನೊರೆ. “ಇದು ಗಾಳಿ ಕುಡೀತಿದೆ ಅಮ್ಮ” ಎಂದರು. ನನಗೆ ನಮ್ಮ ಸಂಪಿನ ಮೋಟಾರು ನೆನಪಾಯಿತು. ಸಂಪಿಗೆ ಇಳಿಬಿಟ್ಟ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೊರಗೆ ಒಂದು ಹನಿ ಸೋರುವುದಿಲ್ಲ, ಆದರೆ ಮೋಟಾರು ನೀರಿನ ಬದಲು ಗಾಳಿ ಎಳೆದು ಕೂಗುತ್ತದೆ. ಅದೇ ಕಥೆ ಇದು. ಡಬ್ಬಿಯಿಂದ ಪಂಪಿಗೆ ಹೋಗುವ ಪೈಪನ್ನು ಅವರು ಬಟ್ಟೆಯಿಂದ ಒರೆಸಿ, ಜೋಡಣೆಯ ಜಾಗಕ್ಕೆ ಬೆರಳಿನಿಂದ ಸ್ವಲ್ಪ ಅದೇ ಎಣ್ಣೆ ಸವರಿದರು. ಕುಂಯ್ ಎನ್ನುತ್ತಿದ್ದ ಸದ್ದು ಒಂದು ಗಳಿಗೆ ತಗ್ಗಿತು. “ಕೇಳಿಸ್ತಾ?” ಎಂದರು. ಕೇಳಿಸಿತು. ಹನ್ನೆರಡು ವರ್ಷದ ಬಿಸಿಗೆ ರಬ್ಬರು ಒಣಗಿ, ಕ್ಲಿಪ್ಪಿನ ಪಕ್ಕದಲ್ಲಿ ಸೀಳಿತ್ತು. ನೊರೆಯೆದ್ದ ಎಣ್ಣೆಗೆ ಒತ್ತಡ ಹೊರುವ ಶಕ್ತಿಯಿಲ್ಲ. ಘಾಟಿಯಲ್ಲಿ ಎಂಜಿನ್ನು ನಿಧಾನಕ್ಕೆ ಇಳಿದಾಗ ಪಂಪು ಪೂರ್ತಿ ಸೋತಿತ್ತು.

ಇದರ ಜೊತೆಗೆ ಹಿಂದಿನ ಮಾಲೀಕನ ಶೋಕಿ. ಅಗಲದ ಟೈರು ನೆಲವನ್ನು ಹೆಚ್ಚು ಹಿಡಿಯುವುದರಿಂದ ತಿರುಗಿಸಲು ಹೆಚ್ಚು ಬಲ ಬೇಕು. ಪುಟ್ಟ ಚಕ್ರದ ವಿಷಯ ಬೀಸುವ ಕಲ್ಲು ತಿರುಗಿಸಿದ ಯಾವ ಹೆಂಗಸಿಗೂ ವಿವರಿಸಬೇಕಿಲ್ಲ. ಗೂಟ ನಡುವಿಗೆ ಹತ್ತಿರ ಬಂದಷ್ಟೂ ತೋಳು ಸೋಲುತ್ತದೆ. ಕಂಪನಿಯ ಚಕ್ರ ಕಿತ್ತು ಹೀಗೆ ಬೇರೆಯದನ್ನು ಕೂರಿಸಿದರೆ, ಅದರೊಳಗಿದ್ದ ಏರ್‌ಬ್ಯಾಗೂ ಹೋದಂತೆಯೇ. ಓಟದ ಕಾರಿನಂತೆ ಕಾಣಲಿ ಎಂದು ಒಬ್ಬ ಗಂಡಸು ಮಾಡಿಸಿದ ಬದಲಾವಣೆಗೆ ಬೈಸಿಕೊಂಡದ್ದು ನನ್ನ ಕೈ!

ಹೊಸ ಪೈಪು, ಕ್ಲಿಪ್ಪು 650 ರೂಪಾಯಿ. ಎಣ್ಣೆ 480. ಕಿರ್ರ್ ಎನ್ನುತ್ತಿದ್ದ ಬೆಲ್ಟನ್ನೂ ಬದಲಾಯಿಸಿದೆವು, 720. ಕೂಲಿ 600. ಒಟ್ಟು 2450 ರೂಪಾಯಿ. ಕಾರಿನ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ತರಿಸಿದರು. ಕೆಲವರು ಕೈಗೆ ಸಿಕ್ಕ ಬ್ರೇಕ್ ಆಯಿಲನ್ನೇ ಸುರಿದುಬಿಡುತ್ತಾರಂತೆ. ಅದರಿಂದ ಒಳಗಿನ ರಬ್ಬರು ಸೀಲುಗಳು ಊದಿ ಹಾಳಾಗುತ್ತವೆ, ಆಗ ನಿಜವಾಗಿಯೂ ರ‍್ಯಾಕು ಹೋಗುತ್ತದೆ. ಕೊನೆಗೆ ಒಳಗೆ ಸೇರಿದ್ದ ಗಾಳಿ ಬಿಡಿಸುವ ಕೆಲಸ. ಮುಂದಿನ ಚಕ್ರಗಳನ್ನು ಎತ್ತಿ ಭದ್ರವಾಗಿ ಆಸರೆ ಕೊಟ್ಟು, ಎಂಜಿನ್ ಆರಿಸಿಯೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹತ್ತಿಪ್ಪತ್ತು ಸಲ ಹೊರಳಿಸಬೇಕು, ಗುಳ್ಳೆ ಬಂದಂತೆಲ್ಲ ಎಣ್ಣೆ ತುಂಬುತ್ತಿರಬೇಕು. ಆ ಮೇಲೆ ಎಂಜಿನ್ ಹಚ್ಚಿ ಮತ್ತೆ ಹಾಗೇ. ಹೊರಳಿಸಿದವಳು ನಾನು, ಎಣ್ಣೆ ಹೊಯ್ದವಳು ಮಗಳು. “ತುದಿಯಲ್ಲಿ ಹಿಡಿದು ನಿಲ್ಲಿಸಬೇಡಿ, ಪಂಪು ಕಾಯುತ್ತೆ” ಎಂದು ಅವರು ಎಚ್ಚರಿಸುತ್ತಿದ್ದರು. ಗುಳ್ಳೆ ನಿಂತ ಮೇಲೆ ಚಕ್ರ ಸಲೀಸಾಗಿ ತಿರುಗಿತು. ಚಿಕ್ಕ ಚಕ್ರ ತೆಗೆಸಿ ಕಂಪನಿಯದನ್ನೇ ಹುಡುಕಿ ಹಾಕಿಸಿದ್ದು ಆಮೇಲಿನ ಮಾತು. ಅದಕ್ಕೆ ಬೇರೆ ಖರ್ಚಾಯಿತು. ಟೈರು ಸವೆದಾಗ ಸರಿಯಾದ ಅಳತೆಯದನ್ನು ಹಾಕಿಸುವುದೆಂದು ತೀರ್ಮಾನಿಸಿದೆವು.

ಈ ಕಥೆ ಹೇಳಿದಾಗಲೆಲ್ಲ ಸ್ನೇಹಿತೆಯರು ಒಂದು ಪ್ರಶ್ನೆ ಎತ್ತುತ್ತಾರೆ. “ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುತ್ತೇವೆ, ಅದಕ್ಕೆಂದು ಡಾಕ್ಟರಿಕೆ ಓದುತ್ತೇವೆಯೇ? ಕಾರಿನ ತಾಪತ್ರಯ ನಮಗೇಕೆ?” ಒಳ್ಳೆಯ ಪ್ರಶ್ನೆ. ಆದರೆ ಡಾಕ್ಟರ ಮುಂದೆ ಕೂತು ನಾವು “ಮೈ ಸರಿಯಿಲ್ಲ” ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಎಷ್ಟು ದಿನದಿಂದ, ರಾತ್ರಿ ಹೆಚ್ಚೋ ಹಗಲು ಹೆಚ್ಚೋ, ಕೆಮ್ಮಿದೆಯೋ ಇಲ್ಲವೋ, ಮಗುವಿನ ಹೊಟ್ಟೆನೋವು ಊಟಕ್ಕೆ ಮುಂಚೆಯೋ ಆಮೇಲೋ, ಎಲ್ಲ ಒಪ್ಪಿಸುತ್ತೇವೆ. ಗ್ಯಾಸ್ ಸಿಲಿಂಡರಿನ ವಾಷರು ಹೋಗಿರುವುದನ್ನು ವಾಸನೆಯಲ್ಲೇ ಹಿಡಿಯುತ್ತೇವೆ. ಮಿಕ್ಸಿಯ ಸದ್ದು ಬದಲಾದರೆ ಪಕ್ಕದ ಕೋಣೆಯಿಂದಲೇ “ನಿಲ್ಲಿಸೇ!” ಎಂದು ಕೂಗುತ್ತೇವೆ. ಲಕ್ಷಣ ಓದುವ ವಿದ್ಯೆ ನಮಗೆ ಹೊಸದಲ್ಲ. ಕಾರಿನ ಹತ್ತಿರ ಬಂದಾಗ ಮಾತ್ರ ಆ ವಿದ್ಯೆಯನ್ನು ಹೊಸ್ತಿಲಾಚೆ ಬಿಟ್ಟುಬರುತ್ತೇವೆ. “ನನಗೆ ಅದೆಲ್ಲ ಗೊತ್ತಾಗಲ್ಲಪ್ಪ” ಎಂದು ಹೇಳುವಾಗ ನಮ್ಮಲ್ಲಿ ಕೆಲವರ ಮುಖದಲ್ಲಿ ನಾಚಿಕೆಯಲ್ಲ, ಒಂದು ಬಗೆಯ ಹೆಮ್ಮೆ ಕಾಣುತ್ತದೆ. ಅದನ್ನು ನೋಡಿದಾಗ ನನಗೆ ಗ್ಯಾರೇಜಿನವನ ಮೇಲಿನ ಸಿಟ್ಟಿಗಿಂತ ಹೆಚ್ಚು ಸಿಟ್ಟು ಬರುತ್ತದೆ.

ಎಲ್ಲ ಮೆಕ್ಯಾನಿಕ್ಕುಗಳೂ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಆ ಶೆಡ್ಡಿನ ಹಿರಿಯರೂ ಮೆಕ್ಯಾನಿಕ್ಕೇ. ಆದರೆ ಕೇಳದ ಗಿರಾಕಿಗೆ ಸುಲಭದ ಉತ್ತರ ಸಿಗುತ್ತದೆ. ಹಳೆಯದನ್ನು ಬಿಚ್ಚಿ ಹುಡುಕುವುದಕ್ಕಿಂತ ಇಡಿಯದನ್ನೇ ಬದಲಾಯಿಸುವುದು ಗ್ಯಾರೇಜಿಗೆ ಸಲೀಸು, ಲಾಭ. “ಪೈಪು ನೋಡಿದಿರಾ? ಎಣ್ಣೆಯಲ್ಲಿ ನೊರೆಯಿದೆಯೇ? ತೆಗೆದ ಹಳೆಯ ಭಾಗ ನನಗೆ ಕೊಡಿ” ಎಂಬ ಮೂರು ಮಾತು ಎಷ್ಟೋ ಸಾವಿರ ಉಳಿಸಬಲ್ಲದು. ದುಡ್ಡಿಗಿಂತ ದೊಡ್ಡದು ಜೀವ. ರ‍್ಯಾಕು ಬದಲಾಯಿಸಿ, ಸೀಳಿದ ಪೈಪನ್ನು ಹಾಗೇ ಬಿಟ್ಟಿದ್ದರೆ? ಮೂವತ್ತೆಂಟು ಸಾವಿರ ತೆತ್ತ ಮೇಲೂ ಮುಂದಿನ ಸಲ ಅದೇ ಘಾಟಿಯಲ್ಲಿ, ಅದೇ ತಿರುವಿನಲ್ಲಿ ಕಾರು ಬೀಗ ಹಾಕಿಕೊಂಡು ನಿಲ್ಲುತ್ತಿತ್ತು. ಆ ಬಾರಿಯೂ ಎದುರಿನ ಬಸ್ಸಿನವನು ಪುಣ್ಯಾತ್ಮನೇ ಆಗಿರಬೇಕೆಂದು ಕಟ್ಟಳೆಯಿದೆಯೇ?

ಡ್ರೈವಿಂಗ್ ಶಾಲೆಗಳನ್ನೂ ಇಲ್ಲಿ ಎಳೆಯಬೇಕು. ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಕಾರು ಕಲಿತೆ. ಎಂಟು ಹಾಕುವುದು ಕಲಿಸಿದರು, ಹಿಂದಕ್ಕೆ ಬಿಡುವುದು ಕಲಿಸಿದರು, ಬಾನೆಟ್ ತೆಗೆಯುವ ಹಿಡಿ ಎಲ್ಲಿದೆ ಎಂದು ಮಾತ್ರ ಒಂದು ದಿನವೂ ತೋರಿಸಲಿಲ್ಲ. ನನ್ನ ಜೊತೆ ಕಲಿಯುತ್ತಿದ್ದ ಹದಿನೆಂಟರ ಹುಡುಗನಿಗೆ ತೋರಿಸಿದರು. ನಾನು ಹಿಂದಿನ ಸೀಟಿನಲ್ಲಿ ಕೂತು ನೋಡುತ್ತಿದ್ದೆ, ಇಳಿದು ಹೋಗಿ ಇಣುಕಲಿಲ್ಲ. ಅದು ನನ್ನದೇ ತಪ್ಪು.

ಮೋಟಾರು ಗಂಡಸರ ಸೊತ್ತು ಎನ್ನುವವರಿಗೆ ಬರ್ತಾ ಬೆಂಜ್ ಎಂಬ ಹೆಂಗಸಿನ ಕಥೆ ಹೇಳಬೇಕು. 1888ರ ಆಗಸ್ಟಿನಲ್ಲಿ, ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡ ಮಾಡಿದ ಮೋಟಾರು ಗಾಡಿಯಲ್ಲಿ, ಗಂಡನಿಗೆ ಹೇಳದೆಯೇ ಹೊರಟಾಕೆ ಅವಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಬಿಡಿಸಿದಳು, ಬ್ರೇಕು ಸವೆದಾಗ ಚಪ್ಪಲಿ ಹೊಲಿಯುವವನಿಂದ ಚರ್ಮ ಹೊಡೆಸಿದಳು. ಕಾರಿನಲ್ಲಿ ಮೊತ್ತಮೊದಲ ದೂರಪ್ರಯಾಣ ಮಾಡಿದವಳೂ, ದಾರಿಯಲ್ಲಿ ರಿಪೇರಿ ಮಾಡಿಕೊಂಡವಳೂ ಹೆಂಗಸೇ.

ಈಗ ಬರುವ ಸಣ್ಣ ಕಾರುಗಳಲ್ಲಿ ಬಹುತೇಕ ಎಣ್ಣೆಯ ಡಬ್ಬಿ ಇರುವುದಿಲ್ಲ, ವಿದ್ಯುತ್ ಮೋಟಾರೇ ಸ್ಟೀರಿಂಗಿಗೆ ಬಲ ಕೊಡುತ್ತದೆ. ಅಲ್ಲಿ ಎದುರಿನ ಫಲಕದಲ್ಲಿ ಸ್ಟೀರಿಂಗಿನ ದೀಪ ಹತ್ತಿಕೊಂಡರೆ ಮೊದಲು ಬ್ಯಾಟರಿ, ಫ್ಯೂಸು ನೋಡಿಸಬೇಕು, ಕಂಪ್ಯೂಟರ್ ಹಚ್ಚಿ ದೋಷದ ಸಂಖ್ಯೆ ಓದಿಸಬೇಕು. ಯಂತ್ರ ಯಾವುದೇ ಇರಲಿ, ನೋಡಿದ ಮೇಲೆ ಹೇಳಿ ಎನ್ನುವ ಮಾತು ಒಂದೇ. ರ‍್ಯಾಕು ಬಿಚ್ಚುವ ಕೆಲಸ ನಮ್ಮದಲ್ಲ, ಅದು ಬಲ್ಲವರದ್ದು. ಸ್ಟೀರಿಂಗ್ ಹಿಡಿದುಕೊಳ್ಳುತ್ತಿದ್ದರೆ ಕಾರನ್ನು ಓಡಿಸಿಕೊಂಡು ಹೋಗುವ ಧೈರ್ಯವೂ ಬೇಡ. ನಾನು ಆ ಕಾರನ್ನು ಹಾಗೇ ಊರಿಗೆ ತಂದದ್ದು, ಗ್ಯಾರೇಜಿಗೆ ಓಡಿಸಿದ್ದು, ಎರಡೂ ಮೂರ್ಖತನವೇ. ತಿಳಿದಿದ್ದರೆ ಎಳೆಸಿಕೊಂಡು ಬರುತ್ತಿದ್ದೆ.

ಬರುವ ಭಾನುವಾರ, ಅಡುಗೆ ಮುಗಿದ ಮೇಲೆ, ಕಾರಿನ ಕೈಪಿಡಿಯನ್ನು ಡ್ಯಾಶ್‌ಬೋರ್ಡಿನಿಂದ ಹೊರಗೆ ತೆಗೆಯಿರಿ. ಎಂಜಿನ್ ತಣ್ಣಗಿದ್ದಾಗ ಬಾನೆಟ್ ಎತ್ತಿರಿ. ಎಣ್ಣೆಯ ಡಬ್ಬಿಯಿದ್ದರೆ ಗುರುತು ನೋಡಿ, ಬೆಲ್ಟು ನೋಡಿ, ಪೈಪುಗಳ ಮೇಲೆ ಜಿಡ್ಡಿದೆಯೇ ನೋಡಿ. ರಾತ್ರಿ ಕಾರಿನ ಕೆಳಗೆ ಹಳೆಯ ರಟ್ಟು ಹಾಸಿಟ್ಟು ಬೆಳಿಗ್ಗೆ ಕಲೆ ಬಿದ್ದಿದೆಯೇ ಪರೀಕ್ಷಿಸಿ. ಮನೆಯಲ್ಲಿ ಮಗಳಿದ್ದರೆ ಅವಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಗಂಡನೋ ಮಗನೋ “ನಿನಗೇಕೆ ಇದೆಲ್ಲ?” ಎಂದರೆ, ಉತ್ತರ ಕೊಡುವ ಮುಂಚೆ ಅವರನ್ನೂ ಕರೆದು ಡಬ್ಬಿ ಯಾವುದೆಂದು ಕೇಳಿ. ನಮ್ಮವರನ್ನು ನಾನು ಕೇಳಿದೆ. ಅವರು ಬಹಳ ಹೊತ್ತು ನೋಡಿ, ಗಾಜಿಗೆ ನೀರು ಚಿಮ್ಮುವ ಡಬ್ಬಿಯನ್ನು ತೋರಿಸಿದರು. ಈಗ ಅವರಿಗೂ ಗೊತ್ತಿದೆ, ನಾನೇ ಕಲಿಸಿದೆ.